ಬೆರಳಿಗೆ ಬರಬೇಕಾದ ಇನ್ನೊಂದು ಭಾಷೆ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ಬಿಟ್ಟು ಸುಳ್ಯದ ಕಡೆಗೆ ಹೊರಟರೆ ಸಿಗುವ ಸಣ್ಣ ಪೇಟೆ ಕುಂಬ್ರ. ಬೆಳ್ಳಾರೆಯ ರಸ್ತೆ ಇಲ್ಲಿಯೇ ಕವಲೊಡೆಯುತ್ತದೆ. ಬೆಳಗ್ಗೆ ಬಸ್ಸಿಗೆ ಕಾಯುವವರ ನಡುವೆ ಸ್ವಲ್ಪ ಹೊತ್ತು ನಿಂತರೆ ತುಳು, ಬ್ಯಾರಿ, ಹವ್ಯಕ, ಮಲಯಾಳ, ಶಾಲೆ ಮಕ್ಕಳ ಪುಸ್ತಕದ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಸುಳ್ಯದ ಕಡೆಯವರಿದ್ದರೆ ಅರೆಭಾಷೆ, ರಬ್ಬರ್ ತೋಟದ ಕೆಲಸಗಾರರಿದ್ದರೆ ತಮಿಳು. ಅಂಗಡಿಯವರು ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಿಸುತ್ತಾರೆ. ಅದೊಂದು ವಿದ್ಯೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇಂಥ ಕಡೆ ಕಿವಿ ಕೇಳದವರೊಬ್ಬರು ಆಸ್ಪತ್ರೆಗೆ ಹೋದಾಗ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಅಣ್ಣನ ಜೊತೆ ತಂಗಿ ಬಂದಿರುತ್ತಾಳೆ. ಡಾಕ್ಟ್ರು ರಿಪೋರ್ಟ್ ನೋಡಿ ತಂಗಿಯ ಕಡೆ ತಿರುಗುತ್ತಾರೆ. ಸಕ್ಕರೆ ಏರಿದೆ, ಈ ಮಾತ್ರೆ ಊಟಕ್ಕೆ ಮೊದಲು ಅರ್ಧ, ಇದು ರಾತ್ರಿ ಊಟವಾದ ಮೇಲೆ ಒಂದು, ತೋಟದಲ್ಲಿ ಬರಿಗಾಲಲ್ಲಿ ನಡೆಯಬಾರದು, ಕಾಲಿಗೆ ಸಣ್ಣ ಗಾಯವಾದರೂ ತಕ್ಷಣ ತೋರಿಸಬೇಕು, ಹದಿನೈದು ದಿನ ಬಿಟ್ಟು ಮತ್ತೆ ರಕ್ತಪರೀಕ್ಷೆ. ತಂಗಿ ಅಣ್ಣನಿಗೆ ಎರಡು ಸನ್ನೆ ಮಾಡುತ್ತಾಳೆ: ಮಾತ್ರೆ ನುಂಗು, ಮತ್ತೆ ಬರಬೇಕು. ಇಷ್ಟೇಯಾ ಎಂದು ಅವನು ಹುಬ್ಬು ಗಂಟಿಕ್ಕಿದರೆ, ಮನೆಗೆ ಹೋಗಿ ಹೇಳ್ತೇನೆ ಎಂಬಂತೆ ಕೈ ಬೀಸುತ್ತಾಳೆ.

ಬರಿಗಾಲಿನ ಮಾತು ಅಲ್ಲೇ ಬಿದ್ದುಹೋಯಿತು.

ತಂಗಿಯನ್ನು ದೂರುವ ಹಾಗಿಲ್ಲ. ಮನೆಯಲ್ಲಿ ತಾನೇ ಕಟ್ಟಿಕೊಂಡ ಸನ್ನೆಗಳಲ್ಲಿ ಊಟ, ನಿದ್ದೆ, ಸಿಟ್ಟು, ದುಡ್ಡು ಹೇಳಬಹುದು. ಊಟಕ್ಕೆ ಮೊದಲು ಅರ್ಧ, ನಂತರ ಒಂದು ಎಂದು ಗೊಂದಲವಿಲ್ಲದೆ ಹೇಳುವುದು ಕಷ್ಟ. ಜೊತೆಗೆ ಅವಳು ತಂಗಿ. ಏನು ಹೇಳಬೇಕು, ಏನು ಹೇಳಿದರೆ ಅಣ್ಣ ಹೆದರುತ್ತಾನೆ ಎಂದು ಲೆಕ್ಕ ಹಾಕಿಯೇ ಬಾಯಿ, ಅಲ್ಲ, ಕೈ ತೆರೆಯುತ್ತಾಳೆ. ಬಿದ್ದುಹೋಗುವ ಆ ಅರ್ಧ ಮಾತನ್ನು ಬೀಳದಂತೆ ದಾಟಿಸಲು ಕಲಿಸುವ ಓದೊಂದು ನಮ್ಮ ದೇಶದಲ್ಲಿದೆ. ಅದಕ್ಕೆ ಪರೀಕ್ಷೆ ಇದೆ, ಪ್ರಮಾಣಪತ್ರ ಇದೆ, ಕಾನೂನಿನ ಬೆಲೆಯೂ ಇದೆ. ಟಿ.ವಿ.ಯ ಮೂಲೆಯಲ್ಲಿ ಕೈಯಾಡಿಸುವವರನ್ನು ನೋಡಿದ ಬಹಳ ಮಂದಿಗೆ ಅದರ ಹಿಂದೆ ಎರಡು ವರ್ಷದ ಡಿಪ್ಲೊಮಾ ಇರಬಹುದು ಎಂಬುದು ಹೊಳೆದಿರುವುದಿಲ್ಲ.

ದೆಹಲಿಯ ದಾರಿ

ಭಾರತೀಯ ಸಂಜ್ಞಾ ಭಾಷೆಗೆ ಮೀಸಲಾದ ಸರ್ಕಾರಿ ಸಂಸ್ಥೆ ಹುಟ್ಟಿದ್ದೇ ಮೊನ್ನೆ ಮೊನ್ನೆ. ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಡಿ ಇಂಥದೊಂದು ಕೇಂದ್ರ ಶುರುವಾಗಿ ಮುಚ್ಚಿಹೋಗಿತ್ತು. ಸ್ವತಂತ್ರ ಸಂಸ್ಥೆಯೇ ಬೇಕೆಂದು ಕಿವುಡ ಸಮುದಾಯ ಬೀದಿಗಿಳಿದು ಕೇಳಿದ ಮೇಲೆ ಈಗಿನದು ಬಂತು.

ಪಿಯುಸಿ ಮುಗಿಸಿದ, ಕಿವಿ ಕೇಳುವವರಿಗೆ ಇಲ್ಲಿ ಸಂಜ್ಞಾ ಭಾಷಾ ದುಭಾಷಿತನದ ಡಿಪ್ಲೊಮಾ ಇದೆ. ಅವಧಿ ಎರಡು ವರ್ಷ. ಕಿವುಡ ಅಭ್ಯರ್ಥಿಗಳಿಗೆ ಇನ್ನೊಂದು ಡಿಪ್ಲೊಮಾ, ಸಂಜ್ಞಾ ಭಾಷೆಯನ್ನು ಕಲಿಸುವ ಮೇಷ್ಟ್ರಾಗಲು. ಈ ಏರ್ಪಾಟು ಚೆನ್ನಾಗಿದೆ: ಭಾಷೆ ಯಾರದೋ ಅವರೇ ಗುರುಗಳು, ಕೇಳುವವರು ಶಿಷ್ಯರು. ಎರಡೂ ಕೋರ್ಸುಗಳು 1992ರ ಕಾಯ್ದೆಯಂತೆ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಗೆ ಒಳಪಟ್ಟವು. ಪಾಸಾದವರ ಹೆಸರು ಪರಿಷತ್ತಿನ ಕೇಂದ್ರ ಪುನರ್ವಸತಿ ದಾಖಲೆಗೆ ಸೇರಿ ಒಂದು ಸಂಖ್ಯೆ ಸಿಗುತ್ತದೆ. ವೃತ್ತಿಯಲ್ಲಿರುವವರು 'ಸಿ.ಆರ್.ಆರ್. ನಂಬರ್' ಎನ್ನುವುದು ಇದನ್ನೇ. ಮುಂಬೈಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ದೆಹಲಿಯ ಕೇಂದ್ರಕ್ಕಿಂತ ಮೊದಲೇ ದುಭಾಷಿಗಳನ್ನು ತಯಾರು ಮಾಡುತ್ತಿತ್ತು. ನಮಗೆ ಹತ್ತಿರದ ಕೊಯಮತ್ತೂರಿನ ರಾಮಕೃಷ್ಣ ಮಿಷನ್ ವಿವೇಕಾನಂದ ಸಂಸ್ಥೆಯಲ್ಲೂ ಈ ಓದು ನಡೆದಿದೆ.

ಇನ್ನೊಂದು ಬಾಗಿಲೂ ಇದೆ. ಕಿವುಡ ತಂದೆ ತಾಯಿಗೆ ಹುಟ್ಟಿದ ಕೇಳುವ ಮಕ್ಕಳನ್ನು 'ಕೋಡಾ' ಎಂದೂ, ಕಿವುಡರ ಒಡಹುಟ್ಟಿದವರನ್ನು 'ಸೋಡಾ' ಎಂದೂ ಈ ವಲಯದಲ್ಲಿ ಕರೆಯುತ್ತಾರೆ. ತೊಟ್ಟಿಲಿನಿಂದಲೇ ಕೈಭಾಷೆ ಕಂಡವರು ಇವರು. ಎರಡು ವರ್ಷ ತರಗತಿಯಲ್ಲಿ ಕೂರದೆ, ಈಗಾಗಲೇ ಬಲ್ಲದ್ದನ್ನು ಪರೀಕ್ಷೆಯಲ್ಲಿ ತೋರಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯನ್ನು ಇವರಿಗಾಗಿ ಮಾಡಲಾಗಿದೆ. ಆಸ್ಪತ್ರೆಯ ಆ ತಂಗಿಗೆ ಈ ಬಾಗಿಲು ತೆರೆದೇ ಇದೆ ಅನ್ನಿಸಬಹುದು. ಆದರೆ ಮನೆಯ ಸನ್ನೆ ಗೊತ್ತಿದ್ದ ಮಾತ್ರಕ್ಕೆ ಅದನ್ನು ದಾಟಲಾಗುವುದಿಲ್ಲ. ಯಾಕೆಂದರೆ ಅಲ್ಲಿ ಕೇಳುವುದು ಬೇರೆಯೇ ಒಂದು ವ್ಯಾಕರಣವನ್ನು.

ಹುಬ್ಬಿನಲ್ಲಿರುವ ಪ್ರಶ್ನಾರ್ಥಕ ಚಿಹ್ನೆ

ಸಂಜ್ಞಾ ಭಾಷೆ ಎಂದರೆ ಕನ್ನಡವನ್ನೋ ಹಿಂದಿಯನ್ನೋ ಪದಕ್ಕೆ ಪದ ಕೈಯಲ್ಲಿ ಬರೆಯುವುದಲ್ಲ. ಜಗತ್ತಿಗೆಲ್ಲ ಒಂದೇ ಸಂಜ್ಞಾ ಭಾಷೆ ಎಂಬ ನಂಬಿಕೆಯೂ ಸುಳ್ಳು. ಅಮೆರಿಕದವರು ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ. ಬ್ರಿಟಿಷ್ ಪದ್ಧತಿಯಿಂದ ಬಂದ ನಮ್ಮ ಅಕ್ಷರಮಾಲೆಗೆ ಎರಡೂ ಕೈ ಬೇಕು.

ಭಾರತೀಯ ಸಂಜ್ಞಾ ಭಾಷೆಯ ವಾಕ್ಯದಲ್ಲಿ ಸಾಮಾನ್ಯವಾಗಿ ಕಾಲ ಮೊದಲು ಬರುತ್ತದೆ, ಪ್ರಶ್ನೆಯ ಪದ ಮತ್ತು 'ಇಲ್ಲ' ಕೊನೆಗೆ ಬರುತ್ತವೆ. 'ನಾಳೆ ನೀನು ಎಲ್ಲಿಗೆ ಹೋಗುತ್ತೀ' ಎಂಬುದು ನಾಳೆ, ನೀನು, ಹೋಗು, ಎಲ್ಲಿ ಎಂಬ ಕ್ರಮದಲ್ಲಿ ನಿಲ್ಲುತ್ತದೆ. ಕರ್ಮ ಮುಂದೆ, ಕ್ರಿಯಾಪದ ಹಿಂದೆ ಇರುವುದರಿಂದ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ಕನ್ನಡಿಗರಿಗೆ ಈ ಕ್ರಮ ಬೇಗ ಒಗ್ಗುತ್ತದೆ. ಒಗ್ಗದಿರುವುದು ಮುಖ. 'ನೀನು ಉಂಡೆ' ಎಂಬುದಕ್ಕೂ 'ನೀನು ಉಂಡೆಯಾ' ಎಂಬುದಕ್ಕೂ ಕೈಯಲ್ಲಿ ವ್ಯತ್ಯಾಸವಿಲ್ಲದಿರಬಹುದು. ವ್ಯತ್ಯಾಸ ಇರುವುದು ಹುಬ್ಬಿನಲ್ಲಿ, ತುಸು ಮುಂದೆ ಬಾಗಿದ ತಲೆಯಲ್ಲಿ. ಗಂಭೀರವಾಗಿರುವುದೇ ಮರ್ಯಾದೆ ಎಂದು ಬೆಳೆದ ಹುಡುಗ ಹುಡುಗಿಯರಿಗೆ ಹತ್ತು ಜನರೆದುರು ಕೆನ್ನೆ ಉಬ್ಬಿಸಿ, ಕಣ್ಣರಳಿಸಿ, ತುಟಿ ಸೊಟ್ಟ ಮಾಡಲು ತಿಂಗಳುಗಳೇ ಹಿಡಿಯುತ್ತವೆ. ಮುಖ ಸುಮ್ಮನಿದ್ದರೆ ವಾಕ್ಯದ ವ್ಯಾಕರಣವೇ ತಪ್ಪಿದಂತೆ.

ಕುಂಬ್ರ ಎಂದು ಬೆರಳಲ್ಲಿ ಬರೆಯುವುದನ್ನು ನೋಡಿ. ಎಲ್ಲರೂ ಒಪ್ಪಿದ ಸನ್ನೆ ಇಲ್ಲದ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಾಗುಣಿತ ಮಾಡಬೇಕು. ಸ್ವರಗಳೆಲ್ಲ ಒಂದು ಕೈಯ ಬೆರಳ ತುದಿಗಳಲ್ಲಿವೆ. ಹೆಬ್ಬೆರಳಿನ ತುದಿ ಮುಟ್ಟಿದರೆ 'ಎ', ಕಿರುಬೆರಳಾದರೆ 'ಯು'. 'ಎಂ' ಬೇಕಾದರೆ ಅಂಗೈ ಮೇಲೆ ಮೂರು ಬೆರಳು ಮಲಗಿಸಬೇಕು. ಆರು ಅಕ್ಷರ ತಡವರಿಸದೆ, ಕೈ ಅಲ್ಲಾಡಿಸದೆ, ಎರಡು ಸೆಕೆಂಡಿನೊಳಗೆ ಮುಗಿಯಬೇಕು. ಮಾಡುವುದು ಹೇಗೋ ಬರುತ್ತದೆ. ಎದುರಿನವರ ಬೆರಳಿನಿಂದ ಆರು ಅಕ್ಷರವನ್ನು ಅದೇ ವೇಗದಲ್ಲಿ ಓದುವುದರಲ್ಲಿ ವಿದ್ಯಾರ್ಥಿಗಳು ಬೆವರುತ್ತಾರೆ.

ತಳೆ ಹಾಕಿ ಮರ ಹತ್ತುವುದು

ಅಕ್ಷರಕ್ಕಿಂತ ಸೊಗಸಾದದ್ದು ಜಾಗದ ಬಳಕೆ. ಪುತ್ತೂರು ಸೀಮೆಯ ಒಂದು ವಾಕ್ಯ ತೆಗೆದುಕೊಳ್ಳಿ: ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತಿದವನು ಕೆಳಗಿಳಿಯದೆಯೇ ಪಕ್ಕದ ಮರಕ್ಕೆ ದಾಟಿದ. ಬಾಯಲ್ಲಿ ಹೇಳಲು ಹತ್ತು ಪದ ಬೇಕು. ಸಂಜ್ಞಾ ಭಾಷೆಯಲ್ಲಿ ನೆಟ್ಟಗೆ ನಿಂತ ಮುಂಗೈಯೇ ಮರ. ಇನ್ನೊಂದು ಕೈಯ ಎರಡು ಬೆರಳು ಹತ್ತುವವನು. ಬೆರಳು ಮೇಲೇರುತ್ತವೆ, ಮರ ಓಲಾಡುತ್ತದೆ, ಹತ್ತುವವನ ಬಿಗುವೆಲ್ಲ ಹೇಳುವವರ ತುಟಿಯಲ್ಲಿ ಕಾಣುತ್ತದೆ. ಪಕ್ಕದ ಮರ ಎಲ್ಲಿದೆ ಎಂದು ಗಾಳಿಯಲ್ಲಿ ಒಮ್ಮೆ ಜಾಗ ಗುರುತಿಸಿಟ್ಟರೆ ಕಥೆ ಮುಗಿಯುವವರೆಗೂ ಆ ಮರ ಅಲ್ಲೇ ಇರುತ್ತದೆ. ಹತ್ತು ನಿಮಿಷ ಕಳೆದು ಬೆರಳು ಅತ್ತ ತೋರಿದರೂ ಸಾಕು, ಕಿವುಡರಿಗೆ ಯಾವ ಮರವೆಂದು ತಿಳಿಯುತ್ತದೆ. ತಾನೇ ಗುರುತಿಸಿದ ಜಾಗವನ್ನು ತಾನೇ ಮರೆಯುವುದು ಹೊಸಬರಲ್ಲಿ ಹೆಚ್ಚಾಗಿ ಕಾಣುವ ತಪ್ಪು.

ಇಷ್ಟು ಸಮೃದ್ಧವಾದ ಭಾಷೆಯನ್ನು ಶಾಲೆಗಳು ಬಹುಕಾಲ ಹೊರಗಿಟ್ಟಿದ್ದವು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕೆಂದು ತೀರ್ಮಾನಿಸಿತು. ಅದರ ನೆರಳು ಇಲ್ಲಿಯವರೆಗೂ ಚಾಚಿತು. ತರಗತಿಯಲ್ಲಿ ತುಟಿ ನೋಡಿ ಪಾಠ, ಹಾಸ್ಟೆಲಿನ ಜಗಲಿಯಲ್ಲಿ ಕೈಭಾಷೆ ಎಂಬ ಇಬ್ಬಗೆಯಲ್ಲಿ ತಲೆಮಾರುಗಳು ಬೆಳೆದವು. ಭಾಷೆ ಬದುಕಿದ್ದು ಆ ಜಗಲಿಯಲ್ಲೇ.

1970ರ ದಶಕದಲ್ಲಿ ಮದನ್ ವಾಸಿಷ್ಠ ಮತ್ತು ಸಂಗಡಿಗರು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು ಈ ನಾಲ್ಕು ನಗರಗಳ ಕಿವುಡರ ಸನ್ನೆಗಳನ್ನು ಹೋಲಿಸಿ ನೋಡಿದರು. ವಾಸಿಷ್ಠರು ಹಿಮಾಚಲದ ಹಳ್ಳಿಯವರು. ಬಾಲ್ಯದಲ್ಲೇ ಕಿವಿ ಕಳೆದುಕೊಂಡು, ಮುಂದೆ ಅಮೆರಿಕದ ಗ್ಯಾಲಡೆಟ್ ವಿಶ್ವವಿದ್ಯಾಲಯದವರೆಗೆ ಹೋದವರು. ಊರಿಂದೂರಿಗೆ ಪದಗಳು ಬೇರೆಯಾದರೂ ವ್ಯಾಕರಣ ಒಂದೇ ಎಂಬುದು ಅವರಿಗೆ ಕಂಡಿತು. 1980ರ ದಶಕದಲ್ಲಿ ಬೆಂಗಳೂರಿನ ಪ್ರಭೇದಕ್ಕೆಂದೇ ಒಂದು ಪುಸ್ತಕವೂ ಬಂತು. ಈಗಿನ ವಿದ್ಯಾರ್ಥಿಗೆ ಸಾಮಗ್ರಿಗೆ ಬರವಿಲ್ಲ. ದೆಹಲಿ ಕೇಂದ್ರದ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಮೂರನೇ ಆವೃತ್ತಿಗೆ 10,000 ಮುಟ್ಟಿದೆ. ಅದರಲ್ಲಿ ಕಾನೂನು, ವೈದ್ಯಕೀಯ, ಕೃಷಿ ಎಲ್ಲ ಸೇರಿವೆ. 2022ರಲ್ಲಿ ಬಂದ 'ಸೈನ್ ಲರ್ನ್' ಆ್ಯಪ್ ಅದನ್ನೇ ಮೊಬೈಲಿಗೆ ತಂದಿತು.

ಆದರೂ ನಿಘಂಟು ಬಾಯಿಪಾಠ ಮಾಡಿ ದುಭಾಷಿಯಾದವರು ಇಲ್ಲ. ಕಿವುಡರ ಜೊತೆ ಕೂತು ಹರಟೆ ಹೊಡೆಯದೆ ಭಾಷೆ ಕೈಗೆ ಹತ್ತುವುದಿಲ್ಲ.

ಎಡವುವ ಜಾಗ

ಡಿಪ್ಲೊಮಾ ಪರೀಕ್ಷೆಯಲ್ಲಿ ಬರೆಯುವ ಪತ್ರಿಕೆಗಳೂ ಇವೆ: ಸಂಜ್ಞಾ ಭಾಷೆಯ ರಚನೆ, ಕಿವುಡ ಸಮುದಾಯದ ಇತಿಹಾಸ, ದುಭಾಷಿತನದ ತತ್ವ, ನೀತಿ. ಓದುವ ಅಭ್ಯಾಸ ಇದ್ದವರಿಗೆ ಅವು ದೊಡ್ಡ ತಲೆನೋವಲ್ಲ. ಗುದ್ದಾಟವೆಲ್ಲ ಪ್ರಾಯೋಗಿಕದಲ್ಲಿ.

ಕಿವಿಗೆ ಬಿದ್ದದ್ದನ್ನು ಕೈಗೆ ತರುವುದು ಒಂದು ದಿಕ್ಕು. ಮಾತು ಮುಗಿಯುವವರೆಗೆ ಕಾಯುವಂತಿಲ್ಲ; ತೀರಾ ಬೆನ್ನು ಹತ್ತಿದರೆ ವಾಕ್ಯದ ಕೊನೆಯಲ್ಲಿ ಬರುವ 'ಇಲ್ಲ' ಸಿಗುವ ಮೊದಲೇ ಕೈ ಹೌದು ಎಂದುಬಿಟ್ಟಿರುತ್ತದೆ. ಹಾಗಾಗಿ ಒಂದೆರಡು ಪದಗುಚ್ಛದಷ್ಟು ಹಿಂದೆ ನಡೆಯುತ್ತ, ಹಿಂದಿನದನ್ನು ಕೈಯಲ್ಲಿ ಹೇಳುತ್ತ, ಈಗಿನದನ್ನು ಕಿವಿಯಲ್ಲಿ ಹಿಡಿಯಬೇಕು. ಕ್ರಿಯಾಪದವನ್ನು ಕೊನೆವರೆಗೂ ಬಚ್ಚಿಡುವ ನಮ್ಮ ಭಾಷೆಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ತಲೆ ಬೇಗ ದಣಿಯುತ್ತದೆ. ದೊಡ್ಡ ಸಭೆಗಳಲ್ಲಿ ಇಬ್ಬರು ದುಭಾಷಿಗಳು ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುವುದು ಆರಾಮಕ್ಕಲ್ಲ, ತಪ್ಪು ಹೆಚ್ಚದಿರಲೆಂದು.

ಇನ್ನೊಂದು ದಿಕ್ಕು, ಕೈಯಲ್ಲಿ ಕಂಡದ್ದಕ್ಕೆ ಧ್ವನಿ ಕೊಡುವುದು. ಅನೇಕರು ಎಡವುವುದು ಇಲ್ಲಿ. ತನ್ನ ಕೈಯ ವೇಗ ತನ್ನ ಹಿಡಿತದಲ್ಲಿರುತ್ತದೆ, ಎದುರಿನ ಕಿವುಡ ಹಿರಿಯರ ಕೈಯದು ಇರುವುದಿಲ್ಲ. ಅವರು ಸಭ್ಯವಾಗಿ ಮಾತಾಡುತ್ತಿದ್ದಾರೋ, ವ್ಯಂಗ್ಯವಾಡುತ್ತಿದ್ದಾರೋ, 'ಸಾರ್' ಎನ್ನುವ ಧಾಟಿಯೋ 'ಏನಯ್ಯ' ಎನ್ನುವ ಧಾಟಿಯೋ, ಅದನ್ನೂ ಹಿಡಿದು ದನಿಗೆ ತರಬೇಕು. ಕನ್ನಡದಲ್ಲಾದರೆ ನೀನು, ನೀವು ಎಂಬ ಆಯ್ಕೆಯನ್ನು ದುಭಾಷಿ ಆ ಕ್ಷಣದಲ್ಲೇ ಮಾಡಬೇಕು. ಒಂದು ತಪ್ಪು ಸರ್ವನಾಮ ಬಿದ್ದರೆ ಬ್ಯಾಂಕ್ ಮ್ಯಾನೇಜರ ಕಣ್ಣಿಗೆ ಕಿವುಡ ಗ್ರಾಹಕನೇ ಒರಟನಾಗಿ ಕಾಣುತ್ತಾನೆ.

ಅಭ್ಯಾಸಕ್ಕೆ ಮೊಬೈಲೇ ಗುರು. ರೇಡಿಯೊ ವಾರ್ತೆ ಹಾಕಿ ಕೈಯಾಡಿಸಿ, ಅದನ್ನು ವಿಡಿಯೊ ಮಾಡಿ, ಮರುದಿನ ಧ್ವನಿ ಮುಚ್ಚಿ ನೋಡುವುದು. ತನಗೇ ಅರ್ಥವಾಗದಿದ್ದರೆ ಕಿವುಡರಿಗೆ ಎಲ್ಲಿಂದ ಆದೀತು? ಉಡುಪಿಗೂ ನಿಯಮವಿದೆ: ಮೈಬಣ್ಣಕ್ಕೆ ಎದುರಾಗಿ ಕಾಣುವ, ಚಿತ್ತಾರವಿಲ್ಲದ ಅಂಗಿ ಬೇಕು; ಕಣ್ಣು ಸೆಳೆಯುವ ಉಗುರುಬಣ್ಣ, ಬಳೆ ಬೇಡ; ಬೆನ್ನ ಹಿಂದೆ ಕಿಟಕಿಯ ಬೆಳಕು ಇರಬಾರದು.

'ನಾನು' ಎಂದರೆ ಯಾರು

ತಾಳಮದ್ದಳೆಯ ಅರ್ಥಧಾರಿ ಒಂದು ಪದ್ಯ ಹಿಡಿದು ಅರ್ಧ ಗಂಟೆ ಬೆಳೆಸಬಹುದು, ಎದುರಿನವರನ್ನು ಕೆಣಕಬಹುದು, ಇಲ್ಲದ್ದನ್ನು ಸೇರಿಸಿ ಚಪ್ಪಾಳೆ ಗಿಟ್ಟಿಸಬಹುದು. ದುಭಾಷಿಗೆ ಅದೊಂದೂ ಇಲ್ಲ. ಕಿವುಡ ಮಹಿಳೆ 'ನನಗೆ ಈ ಡಾಕ್ಟರ ಮೇಲೆ ನಂಬಿಕೆ ಇಲ್ಲ' ಎಂದರೆ 'ಅವರಿಗೆ ಸ್ವಲ್ಪ ಅನುಮಾನ ಇದೆಯಂತೆ' ಎಂದು ಮೆತ್ತಗೆ ಮಾಡುವಂತಿಲ್ಲ. 'ನನಗೆ ನಂಬಿಕೆ ಇಲ್ಲ' ಎಂದು ಉತ್ತಮ ಪುರುಷದಲ್ಲೇ ಹೇಳಬೇಕು. ಕೇಳಿದ ಗುಟ್ಟು ಹೊರಗೆ ಹೋಗಬಾರದು, ಸಲಹೆ ಕೊಡಬಾರದು, ಪಕ್ಷ ವಹಿಸಬಾರದು. ಎಲ್ಲರೂ ಎಲ್ಲರ ಸಂಬಂಧಿಕರಾಗಿರುವ ಕುಂಬ್ರದಂಥ ಊರಿನಲ್ಲಿ ಗುಟ್ಟಿನ ನಿಯಮವೇ ಎಲ್ಲಕ್ಕಿಂತ ಕಠಿಣ ಎಂದು ತೋರುತ್ತದೆ.

ಪ್ರಮಾಣಪತ್ರ ಕೇಳದಿದ್ದರೆ ಏನಾಗಬಹುದು ಎಂಬುದನ್ನು ಇಡೀ ಜಗತ್ತು 2013ರ ಡಿಸೆಂಬರ್ 10ರಂದು ನೋಡಿತು. ಜೊಹಾನ್ಸ್‌ಬರ್ಗಿನಲ್ಲಿ ನೆಲ್ಸನ್ ಮಂಡೇಲಾ ಶ್ರದ್ಧಾಂಜಲಿ ಸಭೆ. ರಾಷ್ಟ್ರನಾಯಕರ ಪಕ್ಕದಲ್ಲೇ ನಿಂತ 'ದುಭಾಷಿ'ಯೊಬ್ಬ ಉದ್ದಕ್ಕೂ ಕೈಯಾಡಿಸಿದ. ಅವನ ಕೈಯಲ್ಲಿ ಭಾಷೆಯೇ ಇಲ್ಲ ಎಂದು ಟಿ.ವಿ. ನೋಡುತ್ತಿದ್ದ ದಕ್ಷಿಣ ಆಫ್ರಿಕದ ಕಿವುಡರು ಕೂಡಲೇ ದೂರಿದರು. ಸಂಜ್ಞಾ ಭಾಷೆ ಬಾರದ ಕೇಳುವವರಿಗೆ ಅದು ಹೊಳೆದಿರಲಿಲ್ಲ.

ಹೈಕೋರ್ಟಿನ ಒಂದು ಸೋಮವಾರ

2024ರ ಏಪ್ರಿಲ್ 8, ಕರ್ನಾಟಕ ಹೈಕೋರ್ಟ್. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ಕಿವುಡ ವಕೀಲೆ ಸಾರಾ ಸನ್ನಿ ಸಂಜ್ಞಾ ಭಾಷೆಯಲ್ಲಿ ವಾದ ಮಂಡಿಸಿದರು. ದುಭಾಷಿ ಅದನ್ನು ದನಿಗೆ ತಂದರು. ದೇಶದ ಹೈಕೋರ್ಟುಗಳಲ್ಲಿ ಇಂಥದ್ದು ನಡೆದದ್ದು ಅದೇ ಮೊದಲು.

ಬೆಂಗಳೂರಿನಲ್ಲಿ ಕಾನೂನು ಓದಿದ ಸಾರಾ ಅವರ ಹೆಸರು ಸುದ್ದಿಯಾದದ್ದು ಅದಕ್ಕೂ ಮುಂಚೆ, 2023ರ ಸೆಪ್ಟೆಂಬರ್ 22ರಂದು. ಸುಪ್ರೀಂ ಕೋರ್ಟಿನ ಆನ್‌ಲೈನ್ ವಿಚಾರಣೆಯಲ್ಲಿ ಅವರ ದುಭಾಷಿ ಸೌರವ್ ರಾಯ್‌ಚೌಧುರಿ ಅವರೂ ಪರದೆಯ ಮೇಲಿರಲಿ ಎಂದು ಕೋರಲಾಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಪ್ಪಿದರು. ಮುಂದಿನ ತಿಂಗಳು ಸುಪ್ರೀಂ ಕೋರ್ಟೇ ಅವರಿಗಾಗಿ ದುಭಾಷಿಯನ್ನು ನೇಮಿಸಿತು. ಕಾನೂನಿನ ಪರಿಭಾಷೆಯನ್ನು ದುಭಾಷಿಗಳು ಹೇಗೆ ದಾಟಿಸುತ್ತಾರೆ ಎಂಬ ಅನುಮಾನಕ್ಕೆ ಆ ವಿಚಾರಣೆಗಳೇ ಉತ್ತರವಾದವು. ಆದರೆ ಅನುಮಾನ ಪೂರ್ತಿ ಹುರುಳಿಲ್ಲದ್ದೂ ಅಲ್ಲ. ಜಾಮೀನು, ತಡೆಯಾಜ್ಞೆ, ಪಾಟೀಸವಾಲು ಎಂದರೇನು ಎಂದು ತನಗೇ ಗೊತ್ತಿಲ್ಲದ ದುಭಾಷಿ ಬರೀ ಕೈ ಆಡಿಸಿಯಾನು. ಡಿಪ್ಲೊಮಾ ಮುಗಿದ ಮೇಲೂ ಕೋರ್ಟು, ಆಸ್ಪತ್ರೆಯಂಥ ಕಡೆಗಳಿಗೆ ಬೇರೆಯೇ ತಯಾರಿ ಬೇಕು.

ಪುತ್ತೂರಿಗೆ ಬಂದರೆ

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಶ್ರವಣ ದೋಷ ಇರುವವರೆಂದು ಗುರುತಿಸಲಾದವರು ಸುಮಾರು 2.35 ಲಕ್ಷ. ಎಲ್ಲರೂ ಸಂಜ್ಞಾ ಭಾಷೆ ಬಳಸುವವರಲ್ಲ. ವಯಸ್ಸಾಗಿ ಕಿವಿ ಮಂದವಾದವರೂ ಈ ಲೆಕ್ಕದಲ್ಲಿದ್ದಾರೆ. ಉಳಿದವರಿಗೆ ಹಂಚಿದರೂ ಪ್ರಮಾಣಪತ್ರವಿರುವ ದುಭಾಷಿಗಳು ತೀರಾ ಕಡಿಮೆ, ಇರುವವರೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿ.

ಕಾನೂನು ಮಾತ್ರ ತಾಲ್ಲೂಕಿಗೂ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂವಹನ ಎಂಬುದರಲ್ಲೇ ಸಂಜ್ಞಾ ಭಾಷೆಯನ್ನು ಸೇರಿಸಿದೆ. ಮಾತಾಡಲಾಗದ ಸಾಕ್ಷಿಯ ಹೇಳಿಕೆ ಪಡೆಯುವಾಗ ನ್ಯಾಯಾಲಯ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು ಎನ್ನುತ್ತದೆ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗಾಗಿ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿ ಇಟ್ಟಿರಬೇಕು, ಸಂಜ್ಞಾ ಭಾಷೆಯ ದುಭಾಷಿಗೆ ಮಾನ್ಯತೆ ಪಡೆದ ಸಂಸ್ಥೆಯ ಅರ್ಹತೆ ಇರಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಪುತ್ತೂರಿನ ಕೋರ್ಟಿಗೂ ಸುಳ್ಯದ ಠಾಣೆಗೂ ಇದೇ ನಿಯಮ.

ಕುಂಬ್ರದ ಕಡೆಯಿಂದ ಒಬ್ಬ ಹುಡುಗಿ ಈ ಓದಿಗೆ ಹೊರಟರೆ ಅವಳ ಕೈಯಲ್ಲಿ ಅರ್ಧ ಬಂಡವಾಳ ಈಗಾಗಲೇ ಇದೆ. ಬೆಳಗ್ಗಿನಿಂದ ಸಂಜೆಯೊಳಗೆ ನಾಲ್ಕು ಭಾಷೆಗೆ ಹೊರಳುವುದು ಅವಳಿಗೆ ಹೊಸದಲ್ಲ. ತೊಡಕು ಬೇರೆ ಕಡೆ. ದೆಹಲಿಯ ತರಗತಿಯಲ್ಲಿ ಅವಳ ಕಿವಿಗೆ ಬೀಳುವುದು ಹಿಂದಿ ಮತ್ತು ಇಂಗ್ಲಿಷ್. ಕೈಯಿಂದ ಹಿಂದಿಗೆ, ಹಿಂದಿಯಿಂದ ಕೈಗೆ ಎಂದು ಪಳಗಿದವಳು ಊರಿಗೆ ಮರಳಿ ಪುತ್ತೂರಿನ ಆಸ್ಪತ್ರೆಯಲ್ಲಿ ನಿಂತಾಗ ಡಾಕ್ಟ್ರು ಕನ್ನಡದಲ್ಲಿ, ನರ್ಸು ತುಳುವಿನಲ್ಲಿ, ರೋಗಿಯ ತಾಯಿ ಬ್ಯಾರಿಯಲ್ಲಿ ಮಾತಾಡುತ್ತಿರುತ್ತಾರೆ. ಆ ಮೂರನ್ನೂ ಕೈಗೆ ಕಟ್ಟಿಕೊಡುವ ಅಭ್ಯಾಸವನ್ನು ಅವಳು ತಾನೇ ಮಾಡಿಕೊಳ್ಳಬೇಕು, ಅದಕ್ಕೆ ಪಠ್ಯವಿಲ್ಲ. ಕರಾವಳಿಯಲ್ಲೇ, ಇಲ್ಲಿಯ ಮಾತುಗಳಲ್ಲೇ ಇಂಥ ತರಬೇತಿ ಆಗುವವರೆಗೆ ಇದು ಹೀಗೆಯೇ ಇರುತ್ತದೆ.

ಇನ್ನೂ ಒಂದು ಪರಿಸ್ಥಿತಿ ಅವಳಿಗೆ ಎದುರಾಗುತ್ತದೆ. ಶಾಲೆಗೇ ಹೋಗದೆ, ಬೇರೆ ಕಿವುಡರನ್ನೇ ಕಾಣದೆ ಬೆಳೆದವರಿಗೆ ಭಾರತೀಯ ಸಂಜ್ಞಾ ಭಾಷೆ ಅವಳ ಹಿಂದಿಯಷ್ಟೇ ಪರಕೀಯ. ಅವರಿಗೆ ಗೊತ್ತಿರುವುದು ಮನೆಯ ಸನ್ನೆ ಮಾತ್ರ. ಬೇರೆ ದೇಶಗಳಲ್ಲಿ ಇಂಥ ಕಡೆ ಕಿವುಡರೇ ಆದ ದುಭಾಷಿಯೊಬ್ಬರನ್ನು ನಡುವೆ ಕೂರಿಸುತ್ತಾರೆ. ನಮ್ಮ ಪೋಕ್ಸೊ ನಿಯಮಗಳು ಅರ್ಹ ದುಭಾಷಿಯ ಜೊತೆಗೆ, ಮಗುವಿನ ಸಂವಹನದ ರೀತಿ ಬಲ್ಲ ಮನೆಯವರನ್ನೂ ಗುರುತಿಸಿವೆ. ಹಾಗಾಗಿ ಆಸ್ಪತ್ರೆಯಲ್ಲಿ ಕಂಡ ಆ ತಂಗಿಯಂಥವರಿಗೂ ಕೋರ್ಟಿನಲ್ಲಿ ಜಾಗವಿದೆ. ಮನೆಯ ಸನ್ನೆ ಏನೆಂದು ಅವಳು ಬಿಡಿಸಿ ಹೇಳಬಹುದು, ಪ್ರಮಾಣಪತ್ರವಿರುವ ದುಭಾಷಿ ಅದನ್ನು ಕೂಡಿಸದೆ ಕಳೆಯದೆ ದಾಖಲೆಗೆ ತರಬಹುದು. ಎದುರು ಪಕ್ಷದ ವಕೀಲರು ತಕರಾರು ತೆಗೆದರೆ ಹೇಳಿಕೆ ಪಡೆಯುವಾಗ ತೆಗೆದ ವಿಡಿಯೊವನ್ನು ಬೇರೊಬ್ಬ ದುಭಾಷಿಗೆ ತೋರಿಸಿ ಮೊದಲಿನವರು ಹೇಳಿದ್ದು ಸರಿಯೋ ಎಂದು ಕೇಳಲೂ ಬರುತ್ತದೆ.